ಅಪ್ಪನ ಸಹಿ ಬಾಕಿ

“ಸಹಿ ಆಕಲ್ಲ ಅಂದ್ರೆ ಆಕಲ್ಲ ಕಣವ್ವಾ. ಕಾಲೇಜ್ ನೋಡ್ಬೇಕು ಅಂದೆ, ಕರ್ಕಂಡ್ ಓಯ್ತಾ ಇವ್ನಿ. ಅಷ್ಟೇಯ.”

ಕೊಳ್ಳೇಗಾಲದಿಂದ ಮೈಸೂರಿಗೆ ಹೊರಟ ಬಸ್ಸಿನಲ್ಲಿ ಕೆಂಪನಂಜಪ್ಪ ಇದನ್ನು ಮೂರನೆಯ ಸಲ ಹೇಳಿದ. ಕಿಟಕಿಯ ಪಕ್ಕ ಕೂತಿದ್ದ ಮಗಳು ದಿವ್ಯ ನಕ್ಕಳು. ಹತ್ತೊಂಬತ್ತರ ಹುಡುಗಿ. ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು. ದುಪಟ್ಟಾವನ್ನು ತಲೆಗೆ ಸುತ್ತಿಕೊಂಡಿದ್ದಳು. ತೊಡೆಯ ಮೇಲಿನ ಫೈಲಿನಲ್ಲಿ ಭರ್ತಿ ಮಾಡಿದ ಅರ್ಜಿಯಿತ್ತು. ಅವಳ ಸಹಿ ಆಗಿತ್ತು. ತಾಯಿ ಶಂಕರಮ್ಮ ಮೂರು ದಿನ ಅತ್ತು ನಾಲ್ಕನೆಯ ದಿನ ಸಹಿ ಹಾಕಿದ್ದಳು. ಇನ್ನು ಬಾಕಿ ಉಳಿದದ್ದು ಅಪ್ಪನದು.

ಕೆಂಪನಂಜಪ್ಪನ ಹಠ ಇಡೀ ಮಧುವನಹಳ್ಳಿಗೆ ಗೊತ್ತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ. ಆದರೆ ಈ ಸಲದ್ದು ಬರೀ ಹಠವಲ್ಲ, ಸಂಕಟ. ಮನೆಯ ಹೆಣ್ಣುಮಗು ಗುರುತು ಪರಿಚಯವಿಲ್ಲದ ಗಂಡು ಹುಡುಗರ ನಡುವೆ ಇರುವುದೆಂದರೆ ಅವನಿಗೆ ನುಂಗಲಾರದ ತುತ್ತು.

“ನಮ್ ಜಮೀನಲ್ಲೇ, ನಮ್ಮವ್ವನ್ ಪಕ್ದಲ್ಲೇ ಇರು ಮಗಾ. ಯಾಕ್ ಅಷ್ಟು ದೂರ?”

“ಅಜ್ಜಿ ಪಕ್ಕ ಸುಮ್ನೆ ಇದ್ದು ಏನ್ ಮಾಡ್ಲಿ ಅಪ್ಪಾಜಿ? ಕಾಲೇಜಲ್ಲಾದ್ರೆ ನಾಕು ಜನುಕ್ಕೆ ಉಪಯೋಗಕ್ಕೆ ಬತ್ತೀನಿ.”

ಮಾತಿನಲ್ಲಿ ಅವಳನ್ನು ಗೆಲ್ಲುವುದು ಅವನ ಕೈಲಾಗದ ಕೆಲಸ. ಡಾಕ್ಟರಾಗಬೇಕೆಂಬ ಹುಚ್ಚು ಅವಳಿಗೆ ಹೈಸ್ಕೂಲಿನಿಂದಲೂ ಇತ್ತು. ಪಿಯುಸಿಯಲ್ಲಿ ಒಳ್ಳೆಯ ಅಂಕ ಬಂತು. ನೀಟ್ ಪರೀಕ್ಷೆಯ ವಾರವೇ ಜ್ವರ ಹಿಡಿದು ಆ ವರ್ಷ ತಪ್ಪಿತು. ಆಸ್ಪತ್ರೆಯ ಓಡಾಟದಲ್ಲಿ ಮರುವರ್ಷವೂ ತಪ್ಪಿತು. ಈ ಸಲ ತಾನೇ ದಾರಿ ಹುಡುಕಿ, ಕಾಲೇಜಿಗೆ ಫೋನ್ ಮಾಡಿ, ಅರ್ಜಿ ತರಿಸಿಕೊಂಡಿದ್ದಳು.

ಮುಂದಿನ ಸೀಟಿನ ಮುದುಕಿ ವೀರಮ್ಮ ಹಿಂದಕ್ಕೆ ತಿರುಗಿದಳು. ಬಸ್ ಹತ್ತಿದಾಗಿನಿಂದ ಊರು, ಹೆಸರು, ಮನೆತನ ಎಲ್ಲ ವಿಚಾರಿಸಿ ಮುಗಿಸಿದ್ದಳು.

“ಈಗ ಎಲ್ಗೆ ಮಗಾ ಪಯಣ?”

“ಮೆಡಿಕಲ್ ಕಾಲೇಜ್‌ಗೆ ಅಜ್ಜಿ. ಅರ್ಜಿ ಕೊಡಕ್ಕೆ.”

“ಪರೀಕ್ಸೆಗಿರೀಕ್ಸೆ ಎಲ್ಲಾ ಆಯ್ತಾ?”

“ಇದುಕ್ಕೆ ಪರೀಕ್ಷೆ ಇಲ್ಲ ಅಜ್ಜಿ. ಫೀಸೂ ಇಲ್ಲ.”

ವೀರಮ್ಮ ಹುಬ್ಬು ಗಂಟಿಕ್ಕಿ ಕೆಂಪನಂಜಪ್ಪನನ್ನು ನೋಡಿದಳು. “ಉಸಾರು ಕಣಪ್ಪಾ. ಟೋಪಿ ಆಕೋರು ಬೋ ಜನ ಅವ್ರೆ.” ಆಮೇಲೆ ದಿವ್ಯಳ ಕೆನ್ನೆ ನೀವಿ ನೆಟಿಗೆ ಮುರಿದಳು. “ಅಂತೂ ಡಾಕ್ಟ್ರಮ್ಮ ಆಯ್ತೀಯ ಅನ್ನು.”

“ಡಾಕ್ಟ್ರಾಗೋರ್ಗೆ ಪಾಠ ಏಳ್ಕೊಡ್ತೀನಿ.”

“ನೂರ್ ಕಾಲ ಬಾಳವ್ವಾ!”

ಕೆಂಪನಂಜಪ್ಪ ಮುಖ ಆಚೆ ತಿರುಗಿಸಿದ. ನರಸೀಪುರ ದಾಟುವವರೆಗೂ ಈಚೆ ತಿರುಗಲಿಲ್ಲ.

ಕಾಲೇಜಿನ ಮೆಟ್ಟಿಲು ಹತ್ತುವಾಗ ದಿವ್ಯ ಎರಡು ಕಡೆ ಕೂತಳು. ಬಸ್ಸಿನಲ್ಲಿ ಏನೂ ತಿಂದಿರಲಿಲ್ಲ. ವಿಭಾಗದ ಕಚೇರಿಯಲ್ಲಿದ್ದ ಯಶೋದ ಎಂಬಾಕೆ ಫೋನಿನ ದನಿಯಿಂದಲೇ ಅವಳನ್ನು ಗುರುತಿಸಿ ಎದ್ದು ನಿಂತಳು. “ಇಷ್ಟು ಚಿಕ್ಕವಳಾ ನೀನು?” ಎಂದವಳು ತನ್ನ ಕುರ್ಚಿಯನ್ನೇ ಬಿಟ್ಟುಕೊಟ್ಟಳು.

ಪಾಠ ನಡೆಯುವ ಕೋಣೆ ನೋಡಬೇಕೆಂದು ದಿವ್ಯ ಪಟ್ಟು ಹಿಡಿದಳು. ತರಗತಿಗಳಿಗೆ ರಜೆ; ಯಶೋದ ಬೀಗ ತೆಗೆದಳು. ಎತ್ತರದ ಕಿಟಕಿಗಳು, ಉದ್ದನೆಯ ಸ್ಟೀಲ್ ಮೇಜುಗಳು, ಸುತ್ತ ಸ್ಟೂಲುಗಳು.

“ಒಂದ್ ಮೇಜಿಗೆ ಎಷ್ಟು ಜನ ಮೇಡಂ?”

“ಹನ್ನೆರಡು.”

“ಹನ್ನೆರಡು ಜನ! ಅಪ್ಪಾಜಿ, ಕೇಳ್ದಾ?” ದಿವ್ಯ ಮೇಜಿನ ಮೇಲೆ ಅಂಗೈ ಊರಿ ನಿಂತಳು. ಎರಡು ವರ್ಷಗಳಲ್ಲಿ ಅವಳ ಮುಖ ಇಷ್ಟು ಅರಳಿದ್ದನ್ನು ಅಪ್ಪ ಕಂಡಿರಲಿಲ್ಲ. ಯಶೋದಳನ್ನು ಬಾಗಿಲ ಹತ್ತಿರ ಕರೆದು ಮೆಲ್ಲಗೆ ಏನೋ ಕೇಳಿದ. ಅವಳು ಇಲ್ಲವೆಂದು ತಲೆಯಾಡಿಸಿದಳು. ಅವನು ಹೊರಗೆ ಬಂದುಬಿಟ್ಟ.

ಜಗುಲಿಯ ಬೆಂಚಿನಲ್ಲಿ ಯಳಂದೂರಿನ ಗುರುಪಾದಸ್ವಾಮಿ ಎಂಬವರು ಕೂತಿದ್ದರು. ಅವರು ಬಂದದ್ದು ಮಗನ ದಾಖಲೆ ಕೊಡಲು.

“ಮಗಳಿಗೆ ಸೀಟಾಯ್ತಾ ಯಜಮಾನ್ರೇ?”

“ಇಲ್ಲಿ ಕೂರ್ಸಕಿಲ್ವಂತೆ ಸಾ.” ಕೆಂಪನಂಜಪ್ಪ ಬೆಂಚಿನ ತುದಿಗೆ ಕೂತ. “ನಮ್ ಮನೇಲಿ ಎಲ್ರುನೂವೆ ಕೂರ್ಸೇ ರೂಢಿ.”

“ಹೋಗ್ಲಿ ಬಿಡಿ. ಇದೊಂದೇ ಕಾಲೇಜಾ?” ಅವರು ಹೆಗಲು ತಟ್ಟಿದರು. ಕೆಂಪನಂಜಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಬಿಡಿಸಿ ಹೇಳುವ ತ್ರಾಣ ಅವನಲ್ಲಿರಲಿಲ್ಲ.

ಕಚೇರಿಯೊಳಗೆ ಹೋದಾಗ ದಿವ್ಯ ಮತ್ತೆ ಕುರ್ಚಿಗೊರಗಿ ಕಣ್ಣು ಮುಚ್ಚಿದ್ದಳು. ಅವಳಿಗೆ ಎಚ್ಚರವಾಗದಂತೆ ಅವನು ಯಶೋದಳತ್ತ ಬಾಗಿದ.

“ಗಂಡುಡುಗ್ರು ಅವಳ್ನ ನೋಡಿ ತಮಾಸೆಗಿಮಾಸೆ ಮಾಡದಿಲ್ವಾ, ತಾಯೀ?”

“ಇಲ್ಲ ಯಜಮಾನ್ರೇ. ಮೊದಲನೇ ದಿನ ಎಲ್ಲರೂ ಎದ್ದು ನಿಂತು ಕೈ ಮುಗಿದು, ಆಮೇಲೇ ಪಾಠ ಶುರು ಮಾಡೋದು. ಗುರುಗಳು ಅಂತಲೇ ಕರೆಯೋದು.”

ಅವನು ಮಗಳನ್ನು ನೋಡಿದ. ಇಷ್ಟು ಬುದ್ಧಿವಂತೆಯನ್ನು ಯಾವ ಬಾಯಿಂದ ಬೇಡ ಎನ್ನುವುದು? ಪೆನ್ನು ಇಸಿದುಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದ.

“ಕೂರ್ಸದಂತೂ ಇಲ್ಲ. ವಿಭೂತಿನಾರ ಅಚ್ಚಿ ಕಳಿಸ್‌ಬೋದಾ, ತಾಯೀ?”

ಯಶೋದಳ ಕಣ್ಣು ತುಂಬಿತು. ಚೀಟಿಯಲ್ಲಿ ಫೋನ್ ನಂಬರು ಬರೆದು ಅವನ ಕೈಗಿತ್ತು, ದನಿ ತಗ್ಗಿಸಿ ಹೇಳಿದಳು:

“ಧಾರಾಳವಾಗಿ ಹಚ್ಚಿ. ಉಸಿರು ನಿಂತ ಆರು ಗಂಟೆಯೊಳಗೆ ಈ ನಂಬರಿಗೆ ಫೋನ್ ಮಾಡಿದ್ರೆ ಸಾಕು, ದೇಹ ತರೋಕೆ ನಮ್ಮ ಗಾಡಿನೇ ಮಧುವನಹಳ್ಳಿಗೆ ಬರುತ್ತೆ.”