ಹಿಂದಿನ ಗಾಲಿಯ ನಿಂಬೆಹಣ್ಣು

ರಾಯದುರ್ಗದ ಗ್ಯಾರೇಜಿನಲ್ಲಿ ಹಿಂದಿನ ಆ್ಯಕ್ಸಲ್ ಬದಲಿಸಿ ಮುಗಿಸಿದ ಎರ್ರಪ್ಪ ಮೇಸ್ತ್ರಿ, ವಾಡಿಕೆಯಂತೆ ಸಾಯಿಲಕ್ಷ್ಮಿಯ ಹಳೆಯ ಪಿಕಪ್ಪಿನ ಮುಂದಿನ ಗಾಲಿಗೆ ನಿಂಬೆಹಣ್ಣು ಇಡಲು ಬಗ್ಗಿದಾಗ, ಅವಳು ಅದನ್ನು ಅವನ ಕೈಯಿಂದ ತೆಗೆದುಕೊಂಡಳು.

ಗುಜರಿಯವನನ್ನು ಜೊತೆಗೆ ಕರೆತಂದಿದ್ದ ಮೈದುನ ಗಿರೀಶ್ ನಕ್ಕ. "ಯಾಕ ಹಟ, ಅತ್ತಿಗಿ? ಹೊಲಿದ ಪ್ಯಾಂಟಿನ ಗಂಟು ಹೇರಿದ್ರ ಬಳ್ಳಾರಿ ಮುಟ್ಟೋದ್ರಾಗ ಆ್ಯಕ್ಸಲ್ ಮತ್ತ ಮುರೀತೈತಿ. ಮಾರಿಬಿಡ್ರಿ, ಮನ್ಯಾಗ ಹೊಲಿಗಿ ಮಿಷನ್ ತುಳ್ಕೊಂಡಿರ್ರಿ."

"ಮಿಷನ್ ತುಳಿಯೋ ಕಾಲೇ ಕ್ಲಚ್ಚೂ ತುಳಿತೈತಿ," ಎಂದ ಅವಳು ನಿಂಬೆಹಣ್ಣನ್ನು ಹಿಂದಿನ ಗಾಲಿಗೆ ಒತ್ತಿಟ್ಟಳು.

"ಮುಂದಿನ ಗಾಲಿಗೆ ಇಡಬೇಕವ್ವ," ಎಂದ ಮೇಸ್ತ್ರಿ.

"ಎಲ್ಲಾರ ಕಣ್ಣು ಬಿದ್ದಿರೋದು ಹಿಂದಿನ ಗಾಲಿ ಮ್ಯಾಲಲ್ಲೇನ್ರಿ, ಮೇಸ್ತ್ರಿ?"

ಸ್ಟೇರಿಂಗ್ ಹಿಡಿದು ಕೂತವಳು ಮೈದುನನ ಕಡೆ ತಿರುಗಿದಳು. "ಗಂಟು ಹೇರಾಕ ಹೊಂಟೀನಿ. ನೀನೂ ಮ್ಯಾಲ ಹತ್ತಿ ಕುಂದ್ರಪ್ಪ. ಮುರಿದ್ರ, ಗಾಡಿ ನಿಂದು."

ಗಿರೀಶ್ ಹತ್ತಲಿಲ್ಲ. ಗಾಡಿ ಉರುಳಿದಂತೆ ನಿಂಬೆಹಣ್ಣು ಪಚಕ್ಕನೆ ಒಡೆಯಿತು. ಗುಜರಿಯವನೇ ಸರಿದು ದಾರಿ ಬಿಟ್ಟ.