ನಾಯಿಯ ಪಾಲಿನ ಒಂದು ಸಾಲು

ರೇಡಿಯೋ ನಾಟಕದ ರೆಕಾರ್ಡಿಂಗ್ ನಿಲ್ಲಿಸಿದ ಮೇಲೂ ಬಾಗಿಲು ಕೆರೆಯುವ ಸದ್ದು ನಿಲ್ಲಲಿಲ್ಲ. ಎಲ್ಲರೂ ಪ್ರಾಣಿಗಳ ದನಿ ಮಾಡುವ ಹೆಂಗಸಿನತ್ತ ತಿರುಗಿದರು. ಅವಳು ಎರಡೂ ಕೈ ಎತ್ತಿ ತೋರಿಸಿದಳು. "ನಾನಲ್ಲ ಸರ್. ನಾನು ಕುಂಯ್‌ಗುಟ್ಟಿದ್ದಷ್ಟೇ."

ಮನೆಗೆ ಬೆಂಕಿ ಬೀಳುವ ದೃಶ್ಯ ಅದು. ಅಜ್ಜಿ, ಮಗ, ಸೊಸೆ, ಪುಟ್ಟ ಮೊಮ್ಮಗಳು ಒಂದೇ ಟೇಕಿನಲ್ಲಿ ಸತ್ತಿದ್ದರು. ಆ ಪಾತ್ರಗಳ ನಟರು ಆಗಲೇ ಮೂಲೆಯಲ್ಲಿ ಟೀ ಹೀರುತ್ತಿದ್ದರು. ಕಟ್ಟಿಹಾಕಿದ್ದ ನಾಯಿಯ ಸಾವೊಂದು ಬಾಕಿಯಿತ್ತು. "ಒಂದೇ ಸಾಲು ಕಣಮ್ಮ, ಬೇಗ ಸಾಯಿಸು," ಎಂದಿದ್ದರು ನಿರ್ದೇಶಕರು.

ಈಗ ಅವರೇ ಎದ್ದು ಬಾಗಿಲು ತೆರೆದರು. ಹೊರಗೆ ಯಾರೂ ಇರಲಿಲ್ಲ. ಮುಚ್ಚಿದ ಕೂಡಲೇ ಕೆರೆತ ಮತ್ತೆ ಶುರುವಾಯಿತು, ಉಗುರು ಕಿತ್ತುಬರುವ ಹಾಗೆ. "ಅದನ್ನ ಬಿಟ್ಬಿಡಿ ಸರ್, ಬದುಕ್ಕೊಳ್ಳಲಿ," ಎಂದಳು ಹೆಂಗಸು ಮೆಲ್ಲಗೆ. ನಿರ್ದೇಶಕರು ನಗಲು ನೋಡಿದರು, ಆಗಲಿಲ್ಲ. ಸ್ಕ್ರಿಪ್ಟಿನಲ್ಲಿ ನಾಯಿ ಸಾಯುವ ಸಾಲು ಹೊಡೆದುಹಾಕಿ, ಹೊಸದನ್ನು ಬರೆದು ಗಟ್ಟಿಯಾಗಿ ಓದಿದರು: "ಹಗ್ಗ ಹರಿದುಕೊಂಡು ನಾಯಿ ಓಡಿಹೋಗುತ್ತದೆ." ಸದ್ದು ಗಪ್ಪೆಂದು ನಿಂತಿತು.

"ಒಳ್ಳೇದೇ ಆಯ್ತು," ಎಂದರು ಅಜ್ಜಿಯ ಪಾತ್ರದ ನಟಿ, ಲೋಟ ಕೆಳಗಿಡುತ್ತ. "ನಾಯಿ ಸತ್ರೆ ಕೇಳುಗರು ಫೋನ್ ಮಾಡಿ ಬೈತಾರೆ. ನಾನು ಎಷ್ಟು ಸಲ ಸತ್ತಿದ್ದೀನೋ, ಒಬ್ಬರಾದ್ರೂ ಮಾಡಿದ್ದಾರಾ?" ಎಲ್ಲರೂ ಹಗುರಾಗಿ ನಕ್ಕರು. ನಿರ್ದೇಶಕರು ಪೆನ್ನಿನ ಮುಚ್ಚಳ ಹಾಕಿದರು. ಆಗ ಬಾಗಿಲ ಮೇಲೆ ಬಡಿತ ಶುರುವಾಯಿತು. ಈ ಸಲ ಉಗುರಲ್ಲ, ಅಂಗೈಗಳು. ಅವುಗಳಲ್ಲೊಂದು ತೀರ ಕೆಳಗೆ, ಪುಟ್ಟ ಮಗುವಿನ ಎತ್ತರದಲ್ಲಿ ಬಡಿಯುತ್ತಿತ್ತು.