ಒಪ್ಪದ ಸಿಲಿಂಡರ್

ಹಳೇ ಕಾರುಗಳ ಮೆರವಣಿಗೆ ಇನ್ನೇನು ಹೊರಡಬೇಕು ಅನ್ನುವಷ್ಟರಲ್ಲಿ ಶೆಣೈಯವರ ಕಾರಿನ ಬಾನೆಟ್ಟಿನಡಿ ಬೆಂಕಿ ಹತ್ತಿಕೊಂಡಿತು. ಅವರಪ್ಪ ಓಡಿಸಿದ್ದ ಕಾರು ಅದು. ಯಾರೋ ನೀರಿನ ಬಾಟಲಿ ಎತ್ತಿದರು.

“ಪೆಟ್ರೋಲ್ ಬೆಂಕಿಗೆ ನೀರು ಹಾಕ್ಬೇಡಿ ಮಾರಾಯ್ರೆ!”

ಎಂದು ಕೂಗಿ, ಸಾಲಾಗಿ ನಿಂತ ಕಾರುಗಳ ಕಿಟಕಿ ಬಡಿಯುತ್ತ ಶೆಣೈಯವರು ಓಡಿದರು. ಬೆಂಕಿ ಆರಿಸುವ ಸಿಲಿಂಡರ್ ಒಬ್ಬರ ಹತ್ತಿರವೂ ಇರಲಿಲ್ಲ. ಕೊನೆಗೆ, ಪ್ರತಿ ಸಲವೂ ತನ್ನ ಹಳೇ ಕಾರು ತರುತ್ತಿದ್ದ ಪೊನ್ನಪ್ಪನ ಎರಡೂ ಕೈ ಹಿಡಿದುಕೊಂಡರು.

“ನಿಮ್ಮತ್ರ ಇತ್ತಲ್ಲ! ಕಾರಿನ ಬಣ್ಣ ಕೆಡಿಸದ ಗ್ಯಾಸಿಂದು, ತಿಂಗಳುಗಟ್ಟಲೆ ಹುಡುಕಿ ತಂದದ್ದು! ಕೊಡಿ, ನಿಮ್ಮ ಕಾಲಿಗೆ ಬೀಳ್ತೇನೆ!”

ಪೊನ್ನಪ್ಪ ತಲೆ ತಗ್ಗಿಸಿದ.

“ಈ ಸಲ ಯಾರೂ ತಂದಿಲ್ಲ ಸಾರ್. ಹೋದ ಸಲ ಜಡ್ಜ್ ಆಗಿ ಬಂದ ನೀವು, ಹಳೇ ಕಾರಿಗೆ ಈ ಕೆಂಪು ಸಿಲಿಂಡರ್ ಒಪ್ಪಲ್ಲ ಅಂತ ನಂಗೆ ಹತ್ತು ಮಾರ್ಕ್ಸ್ ಕಳೆದ್ರಲ್ಲ.”